ಹಿಮದ ದಾರಿಯಲ್ಲಿ ಎಲೆಕ್ಟ್ರಿಕ್ ಕಾರು: ಟೈರಿಗೆ ಬಟ್ಟೆಯ ಕವರ್ ಹಾಕುವುದು, ಓಡಿಸುವುದು, ತೆಗೆಯುವುದು

ಹಿಮ ಬಿದ್ದ ಏರಿನಲ್ಲಿ ಚಕ್ರ ತಿರುಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಇಂಥ ಹೊತ್ತಿಗೆ ಕೈಗೆ ಸಿಗಬೇಕಾದ ವಸ್ತು ಬಟ್ಟೆಯ ಟೈರ್ ಕವರ್. ಸ್ನೋ ಸಾಕ್ಸ್ ಅಂತಲೂ ಕರೆಯುತ್ತಾರೆ. ತುಂಬ ಹಗುರ. ಮಡಚಿದರೆ ಸಣ್ಣ ಚೀಲದಲ್ಲಿ ಕೂರುತ್ತದೆ. ಹಾಕಲು ಜಾಕ್ ಬೇಡ, ಪಾನೆ ಬೇಡ. ಎಲೆಕ್ಟ್ರಿಕ್ ಕಾರಿಗೆ, ಹಿಮದಲ್ಲಿ ಟೈರಿಗೆ ಸುತ್ತುವ ಕಬ್ಬಿಣದ ಚೈನಿಗಿಂತ ಇದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಪೆಟ್ರೋಲ್ ಕಾರಿನ ಅಭ್ಯಾಸವನ್ನೇ ಇಲ್ಲಿಗೂ ತಂದರೆ ಸಾಲದು. ಎಲೆಕ್ಟ್ರಿಕ್ ಕಾರು ಆಕ್ಸಿಲರೇಟರ್ ಒತ್ತಿದಾಗ ಮಾತ್ರವಲ್ಲ, ಅದರಿಂದ ಕಾಲು ಎತ್ತಿದಾಗಲೂ ಚಕ್ರದ ಮೇಲೆ ಜೋರಾಗಿ ಬಲ ಹಾಕುತ್ತದೆ. ಕವರ್ ಯಾವ ಚಕ್ರಕ್ಕೆ ಹಾಕಬೇಕು, ಇಳಿಜಾರಿನಲ್ಲಿ ಹೇಗೆ ಬರಬೇಕು ಎನ್ನುವುದನ್ನೆಲ್ಲ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಬೇಕು.

ಬಟ್ಟೆ ಹೇಗೆ ಹಿಡಿಯುತ್ತದೆ?

ರಬ್ಬರ್ ಜಾರುವ ಜಾಗದಲ್ಲಿ ಬಟ್ಟೆ ಹಿಡಿಯುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಹಿಮದ ಮೇಲೋ ಮಂಜುಗಡ್ಡೆಯ ಮೇಲೋ ಟೈರು ಜಾರುವುದರಲ್ಲಿ ಮೇಲ್ಮೈಯ ತೆಳು ನೀರಿನ ಪದರದ ಪಾತ್ರ ದೊಡ್ಡದು. ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಈ ಪದರ ಜಾಸ್ತಿ. ಅದಕ್ಕೇ ಕೊರೆಯುವ ಚಳಿಯ ದಿನಕ್ಕಿಂತ, ಹಿಮ ಕರಗಲು ಶುರುವಾದ ದಿನ ರಸ್ತೆ ಹೆಚ್ಚು ಜಾರುತ್ತದೆ. ಕವರಿನ ಬಟ್ಟೆಯನ್ನು ಪಾಲಿಯೆಸ್ಟರ್‌ನಂಥ ಗಟ್ಟಿ ಕೃತಕ ನೂಲಿನಿಂದ ನೇಯ್ದಿರುತ್ತಾರೆ. ಅದು ಆ ನೀರನ್ನು ಎಳೆದುಕೊಳ್ಳುತ್ತದೆ. ನೂಲಿನ ಒರಟು ಎಳೆಗಳು ಹಿಮದ ಕಣಗಳನ್ನು ಕಚ್ಚಿಕೊಳ್ಳುತ್ತವೆ.

ಇದೇ ತತ್ವವನ್ನು ಕಾಲಿನ ಮೇಲೆ ಪರೀಕ್ಷೆ ಮಾಡಿದವರಿದ್ದಾರೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು, ಹಿಮಗಟ್ಟಿದ ಇಳಿಜಾರು ಕಾಲುದಾರಿಯಲ್ಲಿ ಶೂ ಮೇಲೆ ಕಾಲುಚೀಲ ಹಾಕಿಕೊಂಡು ನಡೆದವರು ಕಡಿಮೆ ಜಾರುತ್ತಾರೆ ಎಂದು ತೋರಿಸಿದರು. ಅವರಿಗೆ 2010ರಲ್ಲಿ ಭೌತಶಾಸ್ತ್ರದ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಕಾರಿನ ಟೈರಿಗೆ ಬಟ್ಟೆ ಹಾಕುವ ಯೋಚನೆ ಅದಕ್ಕಿಂತ ಹಳೆಯದು. ಆಟೋಸಾಕ್ ಎಂಬ ಹೆಸರಿನ ಕವರ್ ನಾರ್ವೆಯಲ್ಲಿ 1990ರ ದಶಕದಲ್ಲೇ ಹುಟ್ಟಿತು.

ಬಟ್ಟೆಗೂ ಮಿತಿ ಇದೆ. ತುಳಿದು ಗಟ್ಟಿಯಾದ ಹಿಮ, ಹೊಸದಾಗಿ ಬಿದ್ದ ತೆಳು ಹಿಮ, ಒರಟಾದ ಮಂಜುಗಡ್ಡೆ ಇವುಗಳ ಮೇಲೆ ಕವರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಜಿನಂತೆ ನಯವಾದ ಮಂಜುಗಡ್ಡೆಯ ಮೇಲೆ ಸ್ವಲ್ಪ ಸಹಾಯ ಸಿಗುತ್ತದೆ, ಅಷ್ಟೇ. ಹಿಮ ಕಾರಿನ ಹೊಟ್ಟೆಗೆ ತಾಗುವಷ್ಟು ಆಳವಿದ್ದರೆ ಯಾವ ಕವರೂ ಉಪಯೋಗಕ್ಕೆ ಬರುವುದಿಲ್ಲ. ಎಲೆಕ್ಟ್ರಿಕ್ ಕಾರಿನ ಅಡಿಭಾಗ ಬ್ಯಾಟರಿಯಿಂದಾಗಿ ಚಪ್ಪಟೆ. ಆಳವಾದ ಹಿಮಕ್ಕೆ ನುಗ್ಗಿದರೆ ಕಾರಿನ ಭಾರವೆಲ್ಲ ಹೊಟ್ಟೆಯ ಮೇಲೆ ಕೂತು, ಚಕ್ರಗಳು ಸುಮ್ನೆ ತಿರುಗುತ್ತವೆ.

ಇನ್ನೊಂದು ಮಾತು. ಕವರ್ ಇದೆ ಎಂದು ಚಳಿಗಾಲದ ಟೈರು ಬೇಡ ಅನ್ನಬೇಡಿ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುವ ಟೈರು ಇಡೀ ಪ್ರಯಾಣಕ್ಕೆ. ಕವರ್ ಆ ಪ್ರಯಾಣದ ಕೆಟ್ಟ ಭಾಗಕ್ಕೆ ಮಾತ್ರ.

ಎಲೆಕ್ಟ್ರಿಕ್ ಕಾರಿನಲ್ಲಿ ಏನು ಬೇರೆ?

ಮೊದಲನೆಯದು ತೂಕ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇದು ಭಾರ. ಭಾರ ಇದ್ದರೆ ರಸ್ತೆಗೆ ಕಚ್ಚಿಕೊಂಡು ಬೇಗ ನಿಲ್ಲುತ್ತದೆ ಅಂದುಕೊಳ್ಳುವವರಿದ್ದಾರೆ. ಹಾಗೇನೂ ಇಲ್ಲ. ಚಕ್ರ ನೆಲವನ್ನು ಒತ್ತುವ ಬಲ ಹೆಚ್ಚಿದಷ್ಟೇ ನಿಲ್ಲಿಸಬೇಕಾದ ಭಾರವೂ ಹೆಚ್ಚುತ್ತದೆ. ಇಳಿಜಾರಿನಲ್ಲಿ ಒಮ್ಮೆ ಜಾರಲು ಶುರುವಾದರೆ ಆ ಭಾರ ತಾನಾಗಿ ನಿಲ್ಲುವುದಿಲ್ಲ.

ಎರಡನೆಯದು ಮೋಟರಿನ ಎಳೆತ. ಪೆಡಲ್ ಮುಟ್ಟಿದ ತಕ್ಷಣ ಪೂರ್ತಿ ಬಲ ಬರುತ್ತದೆ. ಒಣ ರಸ್ತೆಯಲ್ಲಿ ಇದು ಖುಷಿ. ಹಿಮದ ಮೇಲೆ ಚಕ್ರ ಗರಗರ ತಿರುಗಲು ಇದೇ ಕಾರಣ, ಕವರ್ ಹರಿಯಲೂ ಇದೇ ಕಾರಣ.

ಮೂರನೆಯದು ರೀಜೆನ್. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕಾಲು ಎತ್ತಿದಾಗ ಮೋಟರ್ ಜನರೇಟರಾಗಿ ಬದಲಾಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ, ಜೊತೆಗೆ ಕಾರನ್ನೂ ತಡೆಯುತ್ತದೆ. ಆದರೆ ಈ ತಡೆ ಬರುವುದು ಮೋಟರ್ ಇರುವ ಚಕ್ರಗಳಿಗೆ ಮಾತ್ರ. ಹಿಂದಿನ ಚಕ್ರಕ್ಕೆ ಮೋಟರ್ ಇರುವ ಕಾರಿನಲ್ಲಿ, ಜಾರುವ ತಿರುವಿನಲ್ಲಿ ಥಟ್ಟನೆ ಕಾಲು ಎತ್ತಿದರೆ ಹಿಂದಿನ ಚಕ್ರಗಳಿಗಷ್ಟೇ ಬ್ರೇಕ್ ಹಾಕಿದ ಹಾಗಾಗುತ್ತದೆ. ಹಿಂಭಾಗ ಹೊರಗೆ ಬೀಸುತ್ತದೆ. ಕಾರಿನ ಸ್ಥಿರತೆ ನೋಡಿಕೊಳ್ಳುವ ಕಂಪ್ಯೂಟರ್ ರೀಜೆನ್ ಕಡಿಮೆ ಮಾಡಿ ಸಂಭಾಳಿಸಲು ನೋಡುತ್ತದೆ. ಹಿಡಿತವೇ ಇಲ್ಲದ ಕಡೆ ಅದಕ್ಕೂ ಹೆಚ್ಚೇನೂ ಮಾಡಲಾಗದು.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಬ್ಯಾಟರಿ ತಣ್ಣಗಿದ್ದಾಗ, ಅಥವಾ ಪೂರ್ತಿ ತುಂಬಿದ್ದಾಗ, ರೀಜೆನ್ ಕಡಿಮೆ ಇರುತ್ತದೆ. ಬೆಳಿಗ್ಗೆ ಹೊರಟಾಗ ಕಾಲು ಎತ್ತಿದರೂ ಕಾರು ಉರುಳುತ್ತಲೇ ಇರುತ್ತದೆ. ಬ್ಯಾಟರಿ ಬೆಚ್ಚಗಾದ ಮೇಲೆ ಅದೇ ಪೆಡಲ್ ಬಿಗಿಯಾಗಿ ತಡೆಯತೊಡಗುತ್ತದೆ. ಒಂದೇ ಪ್ರಯಾಣದಲ್ಲಿ ಪೆಡಲ್ ಎರಡು ರೀತಿ ನಡೆದುಕೊಳ್ಳುತ್ತದೆ ಎನ್ನುವುದು ಗೊತ್ತಿದ್ದರೆ ಗಾಬರಿ ಆಗುವುದಿಲ್ಲ.

ಚಕ್ರ ಮತ್ತು ಮಡ್ಗಾರ್ಡ್ ನಡುವಿನ ಜಾಗದ ಮಾತೂ ಇದೆ. ದೊಡ್ಡ ರಿಮ್ ಇರುವ ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಈ ಜಾಗ ಕಡಿಮೆ. ಹಾಗಾಗಿ ಕೆಲವು ಗಾತ್ರದ ಚಕ್ರಕ್ಕೆ ಚೈನ್ ಹಾಕಬೇಡಿ ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ. ಬಟ್ಟೆ ತೆಳುವಾದ್ದರಿಂದ ಅಲ್ಲಿ ಕೂರುವ ಸಾಧ್ಯತೆ ಹೆಚ್ಚು. ಆದರೂ ಕೈಪಿಡಿ ನೋಡದೆ ಹಾಕಬೇಡಿ.

ಕೊಳ್ಳುವ ಮುಂಚೆ

ಟೈರಿನ ಪಕ್ಕದಲ್ಲಿ 235/45 ಆರ್18 ಎಂಬಂಥ ಬರಹ ಇರುತ್ತದೆ. 235 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ. 45 ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಎಷ್ಟು ಎಂದು. 18 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈ ಮೂರನ್ನೂ ಬರೆದುಕೊಂಡು ಕವರ್ ತಯಾರಿಸುವವರ ಪಟ್ಟಿಯಲ್ಲಿ ಹೊಂದಿಸಿ. ರಿಮ್ಮಿನ ಇಂಚು ಒಂದನ್ನೇ ನೋಡಿ ಕೊಂಡರೆ ಸಡಿಲವಾಗಬಹುದು, ಅಥವಾ ಹತ್ತದೇ ಇರಬಹುದು. ಕೆಲವು ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಎರಡೂ ಕಡೆ ಬಗ್ಗಿ ಓದಿ.

ಯುರೋಪಿನಲ್ಲಿ ಇಂಥ ಸಾಧನಗಳಿಗೆ ಇಎನ್ 16662-1 ಎಂಬ ಮಾನದಂಡ ಇದೆ. 2020ರಲ್ಲಿ ಬಂದದ್ದು. ಪೊಟ್ಟಣದ ಮೇಲೆ ಈ ಸಂಖ್ಯೆ ಇರುವ ಕವರನ್ನೇ ಆರಿಸಿಕೊಳ್ಳಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸಿನಲ್ಲಿ 2021ರಿಂದ, ಗೊತ್ತುಮಾಡಿದ ಬೆಟ್ಟದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರ ತನಕ ಚಳಿಗಾಲದ ಟೈರು ಇರಬೇಕು, ಇಲ್ಲವೇ ಕಾರಿನಲ್ಲಿ ಚೈನ್ ಅಥವಾ ಬಟ್ಟೆಯ ಕವರ್ ಇರಬೇಕು. ಎಲ್ಲ ಕಡೆ ಬಟ್ಟೆಯನ್ನು ಚೈನಿಗೆ ಸಮ ಎಂದು ಒಪ್ಪುವುದಿಲ್ಲ. ಹೋಗುವ ದಾರಿಯ ನಿಯಮ ಮೊದಲೇ ನೋಡಿಕೊಳ್ಳಿ.

ಎಷ್ಟು ಜೊತೆ ಬೇಕು? ಕನಿಷ್ಠ ಒಂದು ಜೊತೆ, ಅದೂ ಮೋಟರಿನ ಬಲ ಹೋಗುವ ಚಕ್ರಗಳಿಗೆ. ನಿಮ್ಮ ಕಾರಿನ ಮೋಟರ್ ಮುಂದಿದೆಯೋ ಹಿಂದಿದೆಯೋ ಖಚಿತ ಮಾಡಿಕೊಳ್ಳಿ. ಒಂದೇ ಹೆಸರಿನ ಕಾರು ಎರಡೂ ಬಗೆಯಲ್ಲಿ ಬರುವುದುಂಟು. ಎರಡು ಮೋಟರ್ ಇದ್ದರೆ ಎರಡು ಜೊತೆ ಒಳ್ಳೆಯದು.

ನನ್ನನ್ನು ಕೇಳಿದರೆ, ಕೈಪಿಡಿ ಒಪ್ಪುವುದಾದರೆ ಯಾವ ಕಾರಿಗಾದರೂ ನಾಲ್ಕು ಚಕ್ರಕ್ಕೂ ಕವರ್ ಇರಲಿ. ಬ್ರೇಕ್ ಹಾಕುವಾಗ ಕೆಲಸ ಮಾಡುವುದು ನಾಲ್ಕೂ ಚಕ್ರಗಳಲ್ಲವೇ? ಹಿಂದೆ ಮಾತ್ರ ಕವರ್ ಇದ್ದರೆ ಕಾರು ಏರು ಹತ್ತುತ್ತದೆ, ಆದರೆ ಸ್ಟೀರಿಂಗ್ ತಿರುಗಿಸಿದಾಗ ಮುಂಭಾಗ ನೇರಕ್ಕೇ ಜಾರಬಹುದು. ಮುಂದೆ ಮಾತ್ರ ಇದ್ದರೆ ಇಳಿಜಾರಿನಲ್ಲಿ ಮುಂಭಾಗ ಹಿಡಿದು, ಹಗುರಾದ ಹಿಂಭಾಗ ಬೀಸಬಹುದು. ಒಂದೇ ಜೊತೆ ಇದ್ದರೂ ಓಡಿಸಬಹುದು. ನಿಮ್ಮ ಕಾರು ಇವೆರಡರಲ್ಲಿ ಯಾವ ರೀತಿ ಜಾರುತ್ತದೆ ಎನ್ನುವುದು ತಿಳಿದಿರಲಿ, ವೇಗ ಇನ್ನೂ ಕಡಿಮೆ ಇರಲಿ.

ಒಣ ನೆಲದಲ್ಲಿ ಒಮ್ಮೆ ಹಾಕಿ ನೋಡಿ

ಕತ್ತಲಲ್ಲಿ, ಗಾಳಿ ಬೀಸುವಾಗ, ಬೆರಳು ಮರಗಟ್ಟಿದಾಗ ಮೊದಲ ಸಲ ಪೊಟ್ಟಣ ಬಿಚ್ಚುವುದು ಬೇಡ. ಮನೆಯ ಹತ್ತಿರ ಸಮತಟ್ಟಾದ ಜಾಗದಲ್ಲಿ ಹಾಕಿ, ತೆಗೆಯಿರಿ. ಗಾತ್ರ ಸರಿ ಇದೆಯೇ, ಗಾಳಿಯ ಎಳೆತ ಕಡಿಮೆ ಮಾಡಲು ರಿಮ್ಮಿಗೆ ಹಾಕಿರುವ ಪ್ಲಾಸ್ಟಿಕ್ ಮುಚ್ಚಳಕ್ಕೆ ಬಟ್ಟೆ ಸಿಕ್ಕಿಕೊಳ್ಳುತ್ತದೆಯೇ, ಚಕ್ರದ ಹಿಂದೆ ಕೈ ಹೋಗುತ್ತದೆಯೇ ಎನ್ನುವುದೆಲ್ಲ ಆಗಲೇ ಗೊತ್ತಾಗುತ್ತದೆ. ಕಾರನ್ನು ಅರ್ಧ ಚಕ್ರದಷ್ಟು ಮಾತ್ರ ಸರಿಸುವುದನ್ನೂ ಅಭ್ಯಾಸ ಮಾಡಿ. ಅದು ಅನಿಸಿದಷ್ಟು ಸುಲಭ ಅಲ್ಲ.

ಕವರನ್ನು ಲಗೇಜಿನ ಅಡಿಯಲ್ಲಿ ಇಡಬೇಡಿ. ಬೇಕಾದಾಗ ಸೂಟ್‌ಕೇಸುಗಳನ್ನೆಲ್ಲ ಹಿಮದ ಮೇಲೆ ಇಳಿಸಬೇಕಾಗುತ್ತದೆ. ಮುಂದಿನ ಬಾನೆಟ್ಟಿನ ಕೆಳಗಿನ ಡಿಕ್ಕಿಯೂ ಕೆಲವೊಮ್ಮೆ ಮಂಜುಗಟ್ಟಿ ತೆರೆಯುವುದಿಲ್ಲ. ಹಿಂದಿನ ಸೀಟಿನ ಕೆಳಗೆ ಇಟ್ಟರೆ ನಿಶ್ಚಿಂತೆ. ಅದೇ ಚೀಲದಲ್ಲಿ ನೀರು ಹೀರದ ಕೈಗವಸು, ಮಂಡಿಯೂರಲು ಒಂದು ಚಾಪೆ ಅಥವಾ ದಪ್ಪ ಪ್ಲಾಸ್ಟಿಕ್, ತಲೆಗೆ ಕಟ್ಟುವ ಟಾರ್ಚ್, ಹೊಳೆಯುವ ಜಾಕೆಟ್, ಸಣ್ಣ ಬ್ರಷ್ ಇರಲಿ.

ಹಾಕುವ ಕ್ರಮ

1. ಏರು ಶುರುವಾಗುವ ಮೊದಲೇ ಹಾಕಿ. ಸಿಕ್ಕಿಬಿದ್ದ ಮೇಲೂ ಹಾಕಬಹುದು, ಆದರೆ ಇಳಿಜಾರಿನಲ್ಲಿ ನಿಂತ ಕಾರಿನ ಪಕ್ಕ ಮಂಡಿಯೂರುವುದು ಅಪಾಯ. ಸಮತಟ್ಟಾದ, ಬೇರೆ ವಾಹನಗಳ ದಾರಿಯಿಂದ ದೂರದ ಜಾಗ ನೋಡಿ. ಎಚ್ಚರಿಕೆಯ ದೀಪ ಹಾಕಿ.

2. ಗೇರನ್ನು ಪಿ ಸ್ಥಾನಕ್ಕೆ ತನ್ನಿ, ಪಾರ್ಕಿಂಗ್ ಬ್ರೇಕ್ ಹಾಕಿ. ಎಲೆಕ್ಟ್ರಿಕ್ ಕಾರು ಚಾಲೂ ಇದ್ದರೂ ಸದ್ದು ಮಾಡುವುದಿಲ್ಲ. ಚಕ್ರದ ಬಳಿ ಬಗ್ಗಿದವರಿಗೆ ಕಾರು ಹೊರಡಲು ಸಿದ್ಧವಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಹಾಗಾಗಿ ಇಬ್ಬರಿದ್ದರೆ ಮೊದಲೇ ಮಾತಾಡಿಕೊಳ್ಳಿ. ಹೊರಗಿದ್ದವರು ಚಕ್ರದಿಂದ ದೂರ ಬಂದು, ಚಾಲಕರಿಗೆ ಕಾಣುವಂತೆ ನಿಂತು, ಬಾಯಿಬಿಟ್ಟು ಹೇಳುವ ತನಕ ಕಾರು ಅಲ್ಲಾಡಬಾರದು.

3. ಟೈರಿಗೆ ಮತ್ತು ಮಡ್ಗಾರ್ಡ್ ಒಳಗೆ ಮೆತ್ತಿದ ಹಿಮವನ್ನು ಬ್ರಷ್‌ನಿಂದ ತೆಗೆಯಿರಿ. ಗಟ್ಟಿ ಹಿಮದ ಉಂಡೆ ಉಳಿದರೆ ಬಟ್ಟೆ ಅದಕ್ಕೆ ಉಜ್ಜಿ ಹರಿಯುತ್ತದೆ.

4. ಕವರಿನ ಎಲಾಸ್ಟಿಕ್ ಅಂಚು ಚಕ್ರದ ಹಿಂಬದಿಗೆ ಬರಬೇಕು. ಟೈರಿನ ಮೇಲ್ಭಾಗದಿಂದ ಶುರು ಮಾಡಿ. ಅಂಚನ್ನು ಎರಡೂ ಕೈಯಿಂದ ಹಿಗ್ಗಿಸಿ ಹಿಂದಕ್ಕೆ ದಾಟಿಸಿ, ಎಡಕ್ಕೂ ಬಲಕ್ಕೂ ಎಳೆಯುತ್ತಾ ಕೆಳಗೆ ಬನ್ನಿ. ನೆಲಕ್ಕೆ ತಾಗಿದ ಭಾಗ ಬಿಟ್ಟು ಉಳಿದದ್ದೆಲ್ಲ ಮುಚ್ಚಬೇಕು. ಇನ್ನೊಂದು ಬದಿಯ ಚಕ್ರಕ್ಕೂ ಹೀಗೇ ಮಾಡಿ.

5. ಈಗ ಕಾರನ್ನು ಅರ್ಧ ಸುತ್ತಿನಷ್ಟು ಮುಂದೆ ತನ್ನಿ. ಅಂದರೆ ಸುಮಾರು ಒಂದು ಮೀಟರ್. ಬ್ರೇಕ್ ಬಿಟ್ಟರೆ ತಾನಾಗಿ ನಿಧಾನಕ್ಕೆ ಚಲಿಸುವ ಆಯ್ಕೆ ನಿಮ್ಮ ಕಾರಿನಲ್ಲಿದ್ದರೆ ಅದನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ಪೆಡಲ್ ಅನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿ.

6. ಮತ್ತೆ ಪಿ, ಮತ್ತೆ ಪಾರ್ಕಿಂಗ್ ಬ್ರೇಕ್. ಕೆಳಗಿದ್ದ ಭಾಗ ಈಗ ಮೇಲೆ ಬಂದಿರುತ್ತದೆ. ಅದನ್ನೂ ಎಳೆದು ಹಿಂದಕ್ಕೆ ದಾಟಿಸಿ. ಅಂಚು ಸುತ್ತಲೂ ಟೈರಿನ ಹಿಂದೆ ಹೋಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

7. ಕವರ್ ಸ್ವಲ್ಪ ಓರೆಯಾಗಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಓಡಿದಾಗ ತಾನೇ ನಡುವಿಗೆ ಬರುತ್ತದೆ. ನೂರು ಮೀಟರ್ ನಿಧಾನಕ್ಕೆ ಹೋಗಿ, ಇಳಿದು ಒಮ್ಮೆ ನೋಡಿ.

ಓಡಿಸುವಾಗ

ಸಾಮಾನ್ಯವಾಗಿ ಇಂಥ ಕವರುಗಳಿಗೆ ಗಂಟೆಗೆ 50 ಕಿ.ಮೀ. ಮೇಲ್ಮಿತಿ. ಅದು ಮಿತಿ ಮಾತ್ರ, ಅಷ್ಟರಲ್ಲಿ ಹೋಗಲೇಬೇಕೆಂದಿಲ್ಲ. 30ರ ಆಸುಪಾಸು ಸಾಕು. ತಿರುವು ಇದ್ದರೆ ಇನ್ನೂ ಕಡಿಮೆ.

ಕಾರಿನಲ್ಲಿ ಹಿಮಕ್ಕೆಂದು ಬೇರೆ ಮೋಡ್ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಮೋಟರಿನ ಎಳೆತವನ್ನು ಮೆದು ಮಾಡುವ ಮೋಡ್ ಆರಿಸಿ. ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ಚಕ್ರ ನಿಂತಲ್ಲೇ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಚಾಲೂ ಇರಲಿ. ಹಿಮದಲ್ಲಿ ಸಿಕ್ಕಿಬಿದ್ದಾಗ ಅದನ್ನು ಆಫ್ ಮಾಡಿ ಚಕ್ರ ತಿರುಗಿಸುವ ಉಪಾಯ ಕೆಲವರಿಗೆ ಗೊತ್ತಿರುತ್ತದೆ. ಕವರ್ ಹಾಕಿರುವಾಗ ಹಾಗೆ ಮಾಡಬೇಡಿ. ಚಕ್ರ ನಿಂತಲ್ಲೇ ಸುತ್ತಿದರೆ ಬಟ್ಟೆ ಕ್ಷಣದಲ್ಲಿ ಸವೆದು ಹರಿಯುತ್ತದೆ. ಹೊರಡುವಾಗ ಸ್ಟೀರಿಂಗ್ ನೇರ ಇರಲಿ. ಪೆಡಲ್ ನಿಧಾನಕ್ಕೆ ಒತ್ತಿ. ಚಕ್ರ ಜಾರಿದ ಹಾಗೆ ಅನಿಸಿದರೆ ಇನ್ನಷ್ಟು ಒತ್ತದೆ ಸ್ವಲ್ಪ ಸಡಿಲಿಸಿ.

ಏರಿನಲ್ಲಿ ನಿಲ್ಲದೆ ಒಂದೇ ವೇಗದಲ್ಲಿ ಹೋಗುವುದು ಒಳ್ಳೆಯದು. ಮುಂದಿನ ವಾಹನ ತುದಿ ಮುಟ್ಟುವ ತನಕ ಕೆಳಗೆ ಸಮತಟ್ಟಿನಲ್ಲೇ ಕಾಯಿರಿ. ಏರಿನ ಮಧ್ಯೆ ನಿಂತು ಮತ್ತೆ ಹೊರಡುವುದಕ್ಕಿಂತ ಇದು ಎಷ್ಟೋ ಸುಲಭ.

ಇಳಿಜಾರಿಗೆ ಜಾಸ್ತಿ ಗಮನ ಬೇಕು. ಬಟ್ಟೆ ಹಾಕಿದ ಕಾರು ಏರನ್ನು ಸಲೀಸಾಗಿ ಹತ್ತಿದ್ದೇ ಧೈರ್ಯ ಕೊಡುತ್ತದೆ. ಅದೇ ಧೈರ್ಯದಲ್ಲಿ ಇಳಿಯಲು ಹೋಗಬೇಡಿ. ಇಳಿಜಾರು ಶುರುವಾಗುವ ಮುಂಚೆಯೇ ಸಮತಟ್ಟಿನಲ್ಲಿ ನಡಿಗೆಯ ವೇಗಕ್ಕೆ ಬನ್ನಿ. ರೀಜೆನ್ ಮಟ್ಟವನ್ನು ಬದಲಾಯಿಸಲು ಬರುವುದಾದರೆ ಕಡಿಮೆ ಮಟ್ಟಕ್ಕೆ ಇಳಿಸಿ, ಬ್ರೇಕ್ ಪೆಡಲನ್ನು ಹಗುರವಾಗಿ ಬಳಸಿ. ಬ್ರೇಕ್ ಪೆಡಲ್ ನಾಲ್ಕೂ ಚಕ್ರಗಳಿಗೆ ತಡೆ ಹಂಚುತ್ತದೆ, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೂಡ ಜೊತೆಗಿರುತ್ತದೆ. ಒಂದೇ ಪೆಡಲ್‌ನಲ್ಲಿ ಓಡಿಸುವ ಅಭ್ಯಾಸ ಇದ್ದವರಿಗೆ ಮೊದಮೊದಲು ಕಸಿವಿಸಿ ಆಗುತ್ತದೆ. ಕಾಲನ್ನು ಬ್ರೇಕಿನ ಮೇಲೆ ಸಿದ್ಧವಾಗಿ ಇಟ್ಟುಕೊಳ್ಳಿ.

ರೀಜೆನ್ ಕಡಿಮೆ ಮಾಡುವ ಸೌಲಭ್ಯವೇ ಇಲ್ಲದ ಕಾರುಗಳಿವೆ. ಅಲ್ಲಿ ಪೆಡಲ್‌ನಿಂದ ಕಾಲನ್ನು ಒಮ್ಮೆಲೇ ಎತ್ತಬೇಡಿ. ಎಳೆತವೂ ಇಲ್ಲದ, ತಡೆಯೂ ಇಲ್ಲದ ಒಂದು ನಡುವಿನ ಜಾಗ ಪೆಡಲ್‌ನಲ್ಲಿ ಇರುತ್ತದೆ. ಅದನ್ನು ಖಾಲಿ ರಸ್ತೆಯಲ್ಲಿ ಮೊದಲೇ ಕಾಲಿಗೆ ಪರಿಚಯ ಮಾಡಿಸಿಕೊಳ್ಳಿ. ಹಿಂಭಾಗ ಜಾರಿದಾಗ ಕಾಲು ಹೋಗಬೇಕಾದದ್ದು ಅಲ್ಲಿಗೇ. ಕಣ್ಣು ಮತ್ತು ಸ್ಟೀರಿಂಗ್ ಎರಡೂ ನೀವು ಹೋಗಬೇಕಾದ ಕಡೆಗಿರಲಿ.

ಬೆಟ್ಟದ ಮೇಲೆ ಚಾರ್ಜ್ ಮಾಡಿಕೊಂಡು ಇಳಿಯುವವರು ಬ್ಯಾಟರಿಯನ್ನು ಶೇಕಡಾ 100 ತುಂಬಿಸಬೇಡಿ. ತುಂಬಿದ ಬ್ಯಾಟರಿಯಲ್ಲಿ ರೀಜೆನ್‌ಗೆ ಜಾಗವೇ ಇರುವುದಿಲ್ಲ. ಸ್ವಲ್ಪ ಇಳಿದ ಮೇಲೆ ಅದು ಮೆಲ್ಲಗೆ ವಾಪಸ್ ಬರುತ್ತದೆ. ಜಾರುವ ದಾರಿಯಲ್ಲಿ ಪೆಡಲ್ ಹೀಗೆ ಬದಲಾಗುತ್ತಾ ಹೋಗುವುದು ಬೇಡ. ಹಾಗೆಂದು ಚಾರ್ಜ್ ತೀರಾ ಕಡಿಮೆಯೂ ಇರಬಾರದು. ಚಳಿ, ಹೀಟರ್, ಹಿಮದ ಪ್ರತಿರೋಧ ಮೂರೂ ಸೇರಿ ಕಾರು ಓಡುವ ದೂರವನ್ನು ಕಡಿಮೆ ಮಾಡುತ್ತವೆ. ರಸ್ತೆ ಮುಚ್ಚಿ ಗಂಟೆಗಟ್ಟಲೆ ನಿಲ್ಲಬೇಕಾದರೆ ಒಳಗಿನವರನ್ನು ಬೆಚ್ಚಗಿಡುವುದೂ ಅದೇ ಬ್ಯಾಟರಿ.

ತೆಗೆಯುವುದು ಯಾವಾಗ?

ಬರಿ ಡಾಂಬರು ಬಂದ ಕೂಡಲೇ ತೆಗೆಯಬೇಕು. ನಡುವೆ ಎಲ್ಲೋ ಸ್ವಲ್ಪ ದೂರ ಹಿಮ ಇಲ್ಲದಿದ್ದರೆ ನಿಧಾನಕ್ಕೆ ದಾಟಬಹುದು. ಮೈಲುಗಟ್ಟಲೆ ಹಾಗೇ ಓಡಿದರೆ ಬಟ್ಟೆ ಸವೆದು ಹೋಗುತ್ತದೆ. ಟೈರಿನ ಸದ್ದು ಬದಲಾಗುವುದು ಕಾರಿನೊಳಗೇ ಕೇಳಿಸುತ್ತದೆ, ಇಂಜಿನ್ ಸದ್ದಿಲ್ಲದ ಕಾರಿನಲ್ಲಂತೂ ಸ್ಪಷ್ಟವಾಗಿ. ಪಟಪಟ ಹೊಡೆಯುವ ಸದ್ದು ಬಂದರೆ ಬಟ್ಟೆ ಹರಿದಿದೆ ಅಂತ ಅರ್ಥ. ತಕ್ಷಣ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹರಿದ ತುಂಡು ಚಕ್ರದ ಹಿಂದಿನ ಬ್ರೇಕ್ ಪೈಪಿಗೋ ಸೆನ್ಸರಿನ ವೈರಿಗೋ ಸುತ್ತಿಕೊಳ್ಳಬಹುದು.

ತೆಗೆಯುವ ಕ್ರಮ ಹಾಕಿದ್ದಕ್ಕೆ ತಿರುಗುಮುರುಗು. ಮೇಲಿನಿಂದ ಅಂಚನ್ನು ಈಚೆ ಎಳೆದು, ಸಾಧ್ಯವಾದಷ್ಟು ಕೆಳಗೆ ಜಾರಿಸಿ, ಕಾರನ್ನು ಸ್ವಲ್ಪ ಸರಿಸಿ, ಕೆಳಗೆ ಬಿದ್ದ ಬಟ್ಟೆಯನ್ನು ಎತ್ತಿಕೊಳ್ಳಿ. ಚಾಲಕರ ಜೊತೆ ಬಾಯಿಬಿಟ್ಟು ಮಾತಾಡುವ ನಿಯಮ ಇಲ್ಲಿಗೂ ಅನ್ವಯ. ರಾತ್ರಿಯಿಡೀ ಕಾರು ನಿಲ್ಲಿಸುವುದಾದರೆ ಕವರನ್ನು ಚಕ್ರದ ಮೇಲೆ ಬಿಡಬೇಡಿ. ಒದ್ದೆ ಬಟ್ಟೆ ಟೈರಿಗೂ ನೆಲಕ್ಕೂ ಅಂಟಿ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಎಳೆದರೆ ಹರಿಯುತ್ತದೆ.

ಮನೆಗೆ ಬಂದ ಮೇಲೆ

ರಸ್ತೆಯ ಉಪ್ಪು ಮತ್ತು ಮರಳು ನೂಲಿನೊಳಗೆ ಸೇರಿಕೊಂಡಿರುತ್ತದೆ. ಸಾದಾ ನೀರಿನಲ್ಲಿ ಅದ್ದಿ ಚೆನ್ನಾಗಿ ಜಾಲಾಡಿ. ಮೆಷಿನ್ನಿಗೆ ಹಾಕಬಹುದೇ ಎನ್ನುವುದು ಕವರಿನ ಪಟ್ಟಿಯ ಮೇಲೆ ಬರೆದಿರುತ್ತದೆ. ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ. ಅದು ನೂಲನ್ನು ನುಣುಪು ಮಾಡುತ್ತದೆ, ನಮಗೆ ಬೇಕಾದದ್ದು ಅದರ ಒರಟು. ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಮಡಚಿ. ಒದ್ದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಮಡಚುವಾಗ ಬೆಳಕಿಗೆ ಹಿಡಿದು ನೋಡಿ. ನೆಲಕ್ಕೆ ತಾಗುವ ಭಾಗದಲ್ಲಿ ತೂತು ಕಂಡರೆ, ಅಥವಾ ಎಲಾಸ್ಟಿಕ್ ಸಡಿಲವಾಗಿದ್ದರೆ, ಹೊಲಿದು ಮತ್ತೆ ಬಳಸಲು ಹೋಗಬೇಡಿ. ಆ ಜೊತೆಯನ್ನು ಪೂರ್ತಿ ಬದಲಾಯಿಸಿ. ಒಂದು ಹಳೆಯದು, ಒಂದು ಹೊಸದು ಹಾಕಿದರೆ ಎಡಕ್ಕೂ ಬಲಕ್ಕೂ ಹಿಡಿತ ಬೇರೆಬೇರೆಯಾಗಿ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಟೈರಿನ ಗಾಳಿಯನ್ನೂ ಆಗಲೇ ನೋಡಿಬಿಡಿ. ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಗಾಳಿಯ ಒತ್ತಡ ಒಂದು ಪಿಎಸ್ಐ ಇಳಿಯುತ್ತದೆ. ಭಾರದ ಎಲೆಕ್ಟ್ರಿಕ್ ಕಾರಿಗೆ ಆ ವ್ಯತ್ಯಾಸ ಸಣ್ಣದಲ್ಲ.